ಜಾಮೀನಿನ ಆಚೆಗಿನ ಪ್ರಕರಣ: ತಾಲ್ಲೂಕು ನ್ಯಾಯಾಲಯದಲ್ಲಿ ಆರೋಪಿಗೆ ಸಿಗಬೇಕಾದ ರಕ್ಷಣೆ

ಹೊಲದ ಬದುವಿನ ಜಗಳ ಒಂದು ಸಂಜೆ ಹೊಡೆದಾಟಕ್ಕೆ ತಿರುಗುತ್ತದೆ. ಒಬ್ಬರ ತಲೆಗೆ ಪೆಟ್ಟು ಬಿದ್ದು ತಾಲ್ಲೂಕು ಆಸ್ಪತ್ರೆ ಸೇರುತ್ತಾರೆ. ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗುತ್ತದೆ. ಬೆಳಗಾಗುವುದರೊಳಗೆ ಎಫ್‌ಐಆರ್ ದಾಖಲಾಗಿ, ಅದರಲ್ಲಿ ಒಂದೇ ಮನೆಯ ನಾಲ್ವರ ಹೆಸರಿರುತ್ತದೆ. ಕರ್ನಾಟಕದ ಯಾವ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದ ಮೊಗಸಾಲೆಯಲ್ಲಿ ನಿಂತರೂ ಇಂಥ ಪ್ರಕರಣದವರು ಸಿಗುತ್ತಾರೆ. ಅವರು ವಕೀಲರನ್ನು ಕೇಳುವ ಮೊದಲ ಪ್ರಶ್ನೆ ‘ಜಾಮೀನು ಸಿಗುತ್ತದೆಯೇ’ ಎಂದು. ಬಹಳ ಸಲ ಕೊನೆಯ ಪ್ರಶ್ನೆಯೂ ಅದೇ ಆಗಿರುತ್ತದೆ. ಕೈಸಾಲ ಮಾಡಿ ತಂದ ಹಣ, ಹತ್ತಾರು ದಿನಗಳ ಓಡಾಟ ಎಲ್ಲವೂ ಜಾಮೀನಿಗೇ ಖರ್ಚಾಗುತ್ತದೆ. ಜಾಮೀನು ಸಿಕ್ಕ ಮೇಲೆ ಪ್ರಕರಣವನ್ನು ವಕೀಲರ ಕಪಾಟಿನಲ್ಲಿ ಬಿಟ್ಟು ಮನೆಯವರು ಊರಿಗೆ ಮರಳುತ್ತಾರೆ. ಆದರೆ ಶಿಕ್ಷೆಯೋ ಖುಲಾಸೆಯೋ ಎಂಬುದು ತೀರ್ಮಾನವಾಗುವುದು ವರ್ಷಗಳ ನಂತರ, ಸಾಕ್ಷಿಗಳು ಒಬ್ಬೊಬ್ಬರಾಗಿ ಕಟಕಟೆ ಹತ್ತುವ ದಿನಗಳಲ್ಲಿ. ಆ ದಿನಗಳಿಗೆ ಸಿದ್ಧವಾಗಿರುವ ವಕೀಲರು ಜೊತೆಗಿಲ್ಲದಿದ್ದರೆ ಜಾಮೀನು ಕೊಟ್ಟ ನೆಮ್ಮದಿ ತಾತ್ಕಾಲಿಕವಾದದ್ದು. ಆರೋಪಿಯ ರಕ್ಷಣೆ ಎಂದರೆ ಠಾಣೆಯ ಮೆಟ್ಟಿಲಿನಿಂದ ಮೇಲ್ಮನವಿಯವರೆಗಿನ ಪೂರ್ತಿ ದಾರಿ. ಆ ದಾರಿಯಲ್ಲಿ ಎಲ್ಲಿ ಏನು ಕೇಳಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇನೆ.

ಮೊದಲು ಎಫ್‌ಐಆರ್. ಅದು ಹೇಳುವುದು ಇಷ್ಟೇ: ಒಬ್ಬರು ಹೀಗೆಂದು ದೂರು ಕೊಟ್ಟಿದ್ದಾರೆ, ಪೊಲೀಸರು ತನಿಖೆ ಶುರು ಮಾಡಿದ್ದಾರೆ. ಅದರ ಪ್ರತಿಗಾಗಿ ಯಾರ ಕೈಕಾಲು ಹಿಡಿಯಬೇಕಾಗಿಲ್ಲ. ಸೂಕ್ಷ್ಮ ಸ್ವರೂಪದ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ. ಕರ್ನಾಟಕ ಪೊಲೀಸರ ಜಾಲತಾಣದಲ್ಲಿ ಅದು ಸಿಗುತ್ತದೆ. ಪ್ರತಿ ಕೈಗೆ ಬಂದಾಗ ನೋಡಬೇಕಾದದ್ದು ಕಲಂಗಳನ್ನು. 2024ರ ಜುಲೈ 1ರಿಂದ ನಡೆದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಅದಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ ಭಾರತೀಯ ದಂಡ ಸಂಹಿತೆಯೇ. ಬದುವಿನ ಜಗಳದಲ್ಲಿ ಸಾಮಾನ್ಯವಾಗಿ ಕಾಣುವ 323, 324, 504, 506 ಎಂಬ ಹಳೆಯ ಸಂಖ್ಯೆಗಳು ಈಗ 115(2), 118(1), 352, 351 ಆಗಿವೆ: ಕ್ರಮವಾಗಿ ಗಾಯಪಡಿಸುವುದು, ಆಯುಧದಿಂದ ಗಾಯಪಡಿಸುವುದು, ಕೆಣಕಲೆಂದೇ ಅವಮಾನಿಸುವುದು, ಬೆದರಿಸುವುದು.

ಸಂಖ್ಯೆಯ ಹಿಂದೆ ಇರುವ ವ್ಯತ್ಯಾಸ ದೊಡ್ಡದು. ಬರಿಗೈಯಿಂದ ಹೊಡೆದು ಗಾಯಪಡಿಸಿದ ಆರೋಪಕ್ಕೆ 115(2) ಅನ್ವಯಿಸುತ್ತದೆ, ಗರಿಷ್ಠ ಶಿಕ್ಷೆ 1 ವರ್ಷ, ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಅದೇ ದೂರಿನಲ್ಲಿ ‘ಕುಡುಗೋಲಿನಿಂದ’ ಎಂಬ ಒಂದು ಪದ ಸೇರಿದರೆ 118(1) ಬರುತ್ತದೆ. ಆಗ ಗರಿಷ್ಠ ಶಿಕ್ಷೆ 3 ವರ್ಷ, ಜೊತೆಗೆ ಅದು ಜಾಮೀನುರಹಿತ ಅಪರಾಧ. ಜಾಮೀನುರಹಿತ ಎಂದಾಕ್ಷಣ ಜಾಮೀನೇ ಇಲ್ಲವೆಂದು ಎಷ್ಟೋ ಮನೆಗಳಲ್ಲಿ ಅಳು ಶುರುವಾಗುತ್ತದೆ. ಕಾನೂನಿನಲ್ಲಿ ಅದರ ಅರ್ಥ ಬೇರೆ: ಜಾಮೀನು ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆಗೆ ಸೇರಿದ್ದು, ಠಾಣೆಯಲ್ಲಿ ಅದನ್ನು ಹಕ್ಕಾಗಿ ಕೇಳಲಾಗದು. ಇಂಥ ಪ್ರಕರಣಗಳಲ್ಲಿ ಮ್ಯಾಜಿಸ್ಟ್ರೇಟರೇ ಜಾಮೀನು ಕೊಡಬಹುದು. ಬಂಧನಕ್ಕೆ ಮೊದಲೇ ಬೇಕಾದರೆ ನಿರೀಕ್ಷಣಾ ಜಾಮೀನಿಗೆ ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಹೋಗಬೇಕು, ತಾಲ್ಲೂಕಿನ ಮ್ಯಾಜಿಸ್ಟ್ರೇಟರಿಗೆ ಆ ಅಧಿಕಾರವಿಲ್ಲ.

ಎಫ್‌ಐಆರ್ ಆದ ಕೂಡಲೇ ಬಂಧನ ಆಗಲೇಬೇಕೆಂದೂ ಇಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯ ಎಂಬುದನ್ನು ಪೊಲೀಸರು ಬರೆದಿಡಬೇಕು, ಮ್ಯಾಜಿಸ್ಟ್ರೇಟರು ಅದನ್ನು ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಬಂಧನ ಬೇಡವೆನಿಸಿದಾಗ ಹೊಸ ಅಪರಾಧ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ಅಡಿ ಹಾಜರಾಗುವಂತೆ ನೋಟಿಸ್ ಕೊಡುತ್ತಾರೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಆದರೂ ನೋಟಿಸ್ ಬಂದರೆ ಹೋಗಿ, ಹೋದದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ನೋಟಿಸಿಗೆ ಓಗೊಟ್ಟು ನಡೆಯುತ್ತಿರುವವರನ್ನು ಬಂಧಿಸಬೇಕಾದರೆ ಪೊಲೀಸರು ಹೊಸದಾಗಿ ಕಾರಣ ಬರೆಯಬೇಕಾಗುತ್ತದೆ. ತಪ್ಪಿಸಿಕೊಂಡವರ ವಿಷಯದಲ್ಲಿ ಆ ಕಾರಣ ತಾನಾಗಿಯೇ ಸಿಕ್ಕಂತಾಗುತ್ತದೆ.

ಬಂಧನವೇ ಆದರೆ ಸಂವಿಧಾನದ 22ನೇ ವಿಧಿ ಕೆಲಸಕ್ಕೆ ಬರುತ್ತದೆ. ಬಂಧನಕ್ಕೆ ಆಧಾರವೇನು ಎಂದು ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಕಳೆದು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆಧಾರಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರವಣಿಗೆಯಲ್ಲಿ ಕೊಡಬೇಕೆಂಬುದು ಸುಪ್ರೀಂ ಕೋರ್ಟಿನ ಇತ್ತೀಚಿನ ತೀರ್ಪುಗಳಿಂದ ಗಟ್ಟಿಯಾಗಿದೆ. ಬಂಧನದ ಮೆಮೊಗೆ ಮನೆಯವರೋ ಊರಿನ ಗಣ್ಯರೋ ಒಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಮನೆಯವರಿಗೆ ವಿಷಯ ಮುಟ್ಟಿಸಬೇಕು. ಮನೆಯವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸವೆಂದರೆ ಕರೆದುಕೊಂಡು ಹೋದ ಸಮಯವನ್ನು ಒಂದು ಹಾಳೆಯಲ್ಲಿ ಬರೆದಿಡುವುದು. ದಾಖಲೆಯಲ್ಲಿ ಬಂಧನದ ಸಮಯ ಬೇರೆ ಕಂಡರೆ ಆ ಹಾಳೆ ವಕೀಲರಿಗೆ ಬೇಕಾಗುತ್ತದೆ.

ಠಾಣೆಯಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬ ಹೆಸರಿನಲ್ಲಿ ಬರೆಸಿಕೊಳ್ಳುವ ಕಾಗದದ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಬಳಸುವಂತಿಲ್ಲ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23 ಅದನ್ನು ತಡೆಯುತ್ತದೆ. ಹೀಗಾಗಿ ‘ಸಹಿ ಹಾಕಿಬಿಟ್ಟೆ, ಮುಗಿದೇಹೋಯಿತು’ ಎಂದು ಕುಸಿಯಬೇಕಾಗಿಲ್ಲ. ಆದರೆ ಆ ಹೇಳಿಕೆಯಿಂದ ಒಂದು ವಸ್ತು ಪತ್ತೆಯಾಯಿತೆಂದು ತೋರಿಸಿದರೆ, ಪತ್ತೆಗೆ ನೇರ ಸಂಬಂಧಿಸಿದಷ್ಟು ಭಾಗ ಪುರಾವೆಯಾಗುತ್ತದೆ. ಕುಡುಗೋಲು ಸಿಕ್ಕ ಮಹಜರು ಮುಂದೆ ವಿಚಾರಣೆಯಲ್ಲಿ ಅಷ್ಟು ಮಹತ್ವ ಪಡೆಯುವುದು ಇದೇ ಕಾರಣಕ್ಕೆ. ಖಾಲಿ ಹಾಳೆಗೆ ಸಹಿ ಹಾಕಬೇಡಿ ಎಂಬ ಎಚ್ಚರಿಕೆಯ ಹಿಂದಿರುವುದೂ ಇದೇ ಕಾನೂನು.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಆ ಕೆಲವು ನಿಮಿಷಗಳನ್ನು ನಮ್ಮ ಜನ ತೀರ ಅಗ್ಗವಾಗಿ ಕಳೆದುಕೊಳ್ಳುತ್ತಾರೆ. ರಜಾದಿನವಾದರೆ ನ್ಯಾಯಾಧೀಶರ ಮನೆಯಲ್ಲೇ ಅದು ನಡೆಯಬಹುದು. ಹೊಡೆದಿದ್ದರೆ ಹೇಳಬೇಕಾದದ್ದು ಅಲ್ಲಿ. ವಕೀಲರಿಲ್ಲದಿದ್ದರೆ ‘ನನಗೆ ವಕೀಲರಿಲ್ಲ, ಕಾನೂನು ನೆರವು ಬೇಕು’ ಎಂದು ಕೇಳಬೇಕಾದದ್ದೂ ಅಲ್ಲಿಯೇ. ಬಿಹಾರದ ಭಾಗಲ್ಪುರದಲ್ಲಿ ಬಂಧಿತರನ್ನು ಕುರುಡರನ್ನಾಗಿಸಿದ ಘೋರ ಪ್ರಕರಣ 1980ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಆ ಆರೋಪಿಗಳಿಗೆ ಮೊದಲ ಹಾಜರಿಯಲ್ಲಿ ವಕೀಲರೇ ಇರಲಿಲ್ಲ, ಅವರು ಕೇಳಲಿಲ್ಲವಾದ್ದರಿಂದ ಕೊಡಲಿಲ್ಲ ಎಂಬ ಸಮಜಾಯಿಷಿ ಬಂತು. ಕೇಳದಿದ್ದರೂ ಮೊದಲ ಹಾಜರಿಯಲ್ಲೇ ಉಚಿತ ವಕೀಲರ ಹಕ್ಕನ್ನು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದು ನ್ಯಾಯಾಲಯ ಹೇಳಿತು. 1986ರಲ್ಲಿ ಅರುಣಾಚಲದ ಸುಕ್ ದಾಸ್ ಪ್ರಕರಣದಲ್ಲಿ, ಈ ಹಕ್ಕನ್ನು ತಿಳಿಸದೆ ವಕೀಲರಿಲ್ಲದೆ ವಿಚಾರಣೆ ನಡೆಸಿದ್ದಕ್ಕಾಗಿ ಶಿಕ್ಷೆಯನ್ನೇ ರದ್ದುಪಡಿಸಿತು.

ಉಚಿತ ವಕೀಲರು ಎಲ್ಲಿ ಸಿಗುತ್ತಾರೆ

ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. ಅಲ್ಲಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರವಿದೆ. ಇವೆಲ್ಲ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಬಂದವು. ಆ ಕಾಯ್ದೆಯ ಕಲಂ 12 ಯಾರಿಗೆ ಉಚಿತ ವಕೀಲರು ಎಂಬುದನ್ನು ಹೇಳುತ್ತದೆ. ಆದಾಯದ ಮಿತಿ ಒಂದಿದೆ, ನಿಜ. ಆದರೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ಇವರ್ಯಾರಿಗೂ ಆ ಮಿತಿ ಅನ್ವಯಿಸುವುದಿಲ್ಲ. ಮತ್ತೆ ಓದಿ: ಬಂಧನದಲ್ಲಿರುವ ಯಾರಿಗೇ ಆಗಲಿ. ನಮ್ಮ ಬದುವಿನ ಜಗಳದ ಮನೆಯ ಸೊಸೆಯ ಹೆಸರೂ ಎಫ್‌ಐಆರ್‌ನಲ್ಲಿದ್ದರೆ, ಗಂಡನ ಆಸ್ತಿ ಎಷ್ಟೇ ಇರಲಿ, ಆಕೆಗೆ ಉಚಿತ ವಕೀಲರು ಸಿಗಬೇಕು.

ಅರ್ಜಿ ಸರಳ, ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೂ ಆಗುತ್ತದೆ. ಜೈಲಿನಲ್ಲಿರುವವರು ಅಲ್ಲಿಂದಲೇ ಅರ್ಜಿ ಕಳಿಸಬಹುದು. 15100 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಜಿಲ್ಲಾ ಕೇಂದ್ರಗಳಲ್ಲಿ ಕೆಲವು ವರ್ಷಗಳಿಂದ ಇನ್ನೊಂದು ವ್ಯವಸ್ಥೆ ಬಂದಿದೆ: ಕಾನೂನು ನೆರವು ಅಭಿರಕ್ಷಕರ ಕಚೇರಿ. ಸರ್ಕಾರದ ಪರವಾಗಿ ವಾದಿಸಲು ಸರ್ಕಾರಿ ಅಭಿಯೋಜಕರು ಇರುವಂತೆ ಆರೋಪಿಯ ಪರವಾಗಿ ಪೂರ್ಣಾವಧಿ ಕೆಲಸ ಮಾಡುವ ವಕೀಲರು ಇವರು. ಖಾಸಗಿ ಪ್ರಕರಣ ನಡೆಸುವಂತಿಲ್ಲ, ಕ್ರಿಮಿನಲ್ ಪ್ರಕರಣಗಳೇ ಇವರ ಕೆಲಸ.

ಉಚಿತ ವಕೀಲರು ಎಂದರೆ ಮೂಗು ಮುರಿಯುವವರಿದ್ದಾರೆ. ಅವರ ಅನುಮಾನ ಪೂರ್ತಿ ಆಧಾರವಿಲ್ಲದ್ದೇನಲ್ಲ. ಅನುಭವ ಸಾಲದವರೂ, ಮನಸ್ಸು ಕೊಡದವರೂ ಪಟ್ಟಿಯಲ್ಲಿ ಇರುತ್ತಾರೆ. ಆದರೆ ಹಣ ಕೊಟ್ಟು ಹಿಡಿದವರಲ್ಲೂ ಅಂಥವರಿದ್ದಾರೆ. ನೇಮಿಸಿದ ವಕೀಲರು ಬರದಿದ್ದರೆ ಅಥವಾ ಶುಲ್ಕ ಕೇಳಿದರೆ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದುಕೊಡಿ. ಅವರೂ ಒಬ್ಬ ನ್ಯಾಯಾಧೀಶರೇ. ಬೇರೆ ವಕೀಲರನ್ನು ಕೇಳಲು ಅವಕಾಶವಿದೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಜಾಮೀನಿಗೆಂದು ಹೊಲ ಒತ್ತೆಯಿಟ್ಟು, ಪಾಟೀ ಸವಾಲಿನ (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ) ಹೊತ್ತಿಗೆ ವಕೀಲರಿಗೆ ಕೊಡಲು ಏನೂ ಉಳಿಯದೆ ಕೂರುವುದಕ್ಕಿಂತ, ಮೊದಲ ದಿನದಿಂದ ಕೊನೆಯ ದಿನದವರೆಗೆ ಜೊತೆಗಿರುವ ಅಭಿರಕ್ಷಕರು ಎಷ್ಟೋ ಮೇಲು.

ಖಾಸಗಿ ವಕೀಲರನ್ನು ಹಿಡಿಯುವವರು ನೋಡಬೇಕಾದದ್ದು ಅದೇ ನ್ಯಾಯಾಲಯದಲ್ಲಿ ಅವರು ಕ್ರಿಮಿನಲ್ ವಿಚಾರಣೆ ನಡೆಸುತ್ತಾರೆಯೇ ಎಂಬುದನ್ನು. ಆಸ್ತಿ ದಾವೆಯಲ್ಲಿ ಹೆಸರಾದವರು ಪಾಟೀ ಸವಾಲಿನಲ್ಲೂ ನುರಿತವರಾಗಿರಬೇಕೆಂದೇನಿಲ್ಲ. ಯಾವ ಕೋರ್ಟಿನಲ್ಲಾದರೂ ಒಂದು ಬೆಳಗ್ಗೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದರೆ ಯಾರು ಕಡತ ಓದಿಕೊಂಡು ಬರುತ್ತಾರೆ ಎಂಬುದು ತಿಳಿಯುತ್ತದೆ. ತೆರೆದ ನ್ಯಾಯಾಲಯದಲ್ಲಿ ಕೂರಲು ಯಾರ ಅನುಮತಿಯೂ ಬೇಡ. ಶುಲ್ಕವನ್ನು ಜಾಮೀನು, ಆರೋಪ ನಿಗದಿ, ಸಾಕ್ಷಿ ವಿಚಾರಣೆ ಎಂದು ಹಂತವಾಗಿ ಮೊದಲೇ ಮಾತಾಡಿಕೊಳ್ಳಿ, ರಶೀದಿ ಕೇಳಿ. ‘ಖುಲಾಸೆ ಮಾಡಿಸಿಕೊಟ್ಟರೆ ಇಷ್ಟು’ ಎಂದು ಫಲಿತಾಂಶಕ್ಕೆ ಶುಲ್ಕ ಕಟ್ಟುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಠಾಣೆಯ ಬಾಗಿಲಲ್ಲೇ ವಕೀಲರನ್ನು ಗೊತ್ತುಮಾಡಿಕೊಡುವ ಮಧ್ಯವರ್ತಿಗಳಿಂದ ದೂರವಿರಿ. ವಿಶ್ವಾಸ ಹೋದರೆ ವಕೀಲರನ್ನು ಬದಲಿಸುವುದು ನಿಮ್ಮ ಹಕ್ಕು. ಶುಲ್ಕ ಬಾಕಿಯಿದೆ ಎಂದು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿದೆ.

ಊರೇ ಒಬ್ಬನ ವಿರುದ್ಧ ತಿರುಗಿಬಿದ್ದ ಪ್ರಕರಣಗಳಲ್ಲಿ ಇನ್ನೊಂದು ಕಷ್ಟ ಎದುರಾಗುತ್ತದೆ. 2020ರಲ್ಲಿ ರಾಜದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ಹಾಕಬಾರದೆಂದು ಹುಬ್ಬಳ್ಳಿ ವಕೀಲರ ಸಂಘ ನಿರ್ಣಯ ಮಾಡಿತು. ವಿಷಯ ಹೈಕೋರ್ಟಿಗೆ ಹೋಯಿತು, ಮುಖ್ಯ ನ್ಯಾಯಮೂರ್ತಿಗಳ ಪೀಠ ಅದನ್ನು ಕಟುವಾಗಿ ಟೀಕಿಸಿತು, ಬೆಂಗಳೂರಿನಿಂದ ಹೋದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಜಾಮೀನು ಅರ್ಜಿ ಸಲ್ಲಿಸಬೇಕಾಯಿತು. ಇಂಥ ನಿರ್ಣಯಗಳಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಒಂದು ಪ್ರಕರಣದಲ್ಲಿ ಅದಕ್ಕಿಂತ ದಶಕದ ಹಿಂದೆಯೇ ಹೇಳಿತ್ತು. ಆರೋಪ ಎಷ್ಟು ಭೀಕರವೋ ವಕೀಲರ ಅಗತ್ಯ ಅಷ್ಟು ಹೆಚ್ಚು. ಇದನ್ನು ವಕೀಲರ ಸಂಘಗಳೇ ಮರೆತರೆ ಊರಿನ ಜನಕ್ಕೆ ಹೇಳುವವರು ಯಾರು?

ಜಾಮೀನು ಆದೇಶವಾದರೂ ಹೊರಬರದವರು

ಆದೇಶ ಕೈಗೆ ಬಂದ ಮೇಲೂ ಜಾಮೀನುದಾರರಿಲ್ಲದೆ ಒಳಗೇ ಉಳಿಯುವವರಿದ್ದಾರೆ. ನಮ್ಮ ಕಡೆ ಜಾಮೀನುದಾರರೆಂದರೆ ಪಹಣಿ ಇರುವವರು. ಜಮೀನಿಲ್ಲದ ಕೂಲಿಯವರಿಗೆ, ಬೇರೆ ಜಿಲ್ಲೆಯಿಂದ ದುಡಿಯಲು ಬಂದವರಿಗೆ ಪಹಣಿ ಕೊಡುವವರು ಯಾರು? 1978ರ ಮೋತಿರಾಮ್ ಪ್ರಕರಣದಲ್ಲಿ ಇದೇ ಆಯಿತು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು, ಬೇರೆ ಜಿಲ್ಲೆಯಲ್ಲಿ ಆಸ್ತಿಯಿದ್ದ ಸಹೋದರನ ಜಾಮೀನನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕುತ್ತ, ದೂರದ ಬಸ್ತರಿನಲ್ಲೋ ದೆಹಲಿಯಲ್ಲೋ ಬಂಧಿತನಾದ ಒಬ್ಬ ಕನ್ನಡಿಗ ಅಲ್ಲಿನ ಜಾಮೀನುದಾರರನ್ನು ಎಲ್ಲಿಂದ ತರಬೇಕು ಎಂಬರ್ಥದ ಪ್ರಶ್ನೆ ಕೇಳಿದ್ದರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಒಡಿಶಾದವನ ವಿಷಯದಲ್ಲೂ ಅದೇ ಪ್ರಶ್ನೆ ನಿಲ್ಲುತ್ತದೆ.

ಜಾಮೀನು ಹಕ್ಕಾಗಿ ಸಿಗುವ ಅಪರಾಧವಾಗಿದ್ದು ಒಂದು ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಾನೂನಿನಲ್ಲೇ ಇದೆ. ಇತರ ಪ್ರಕರಣಗಳಲ್ಲೂ ಆದೇಶವಾಗಿ ಒಂದು ತಿಂಗಳಾದರೂ ಜಾಮೀನು ಒದಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯ ತಾನಾಗಿಯೇ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಇನ್ನು ಬಂಧನದಲ್ಲಿದ್ದಾಗ 60 ದಿನ, ಗಂಭೀರ ಅಪರಾಧವಾದರೆ 90 ದಿನ ಕಳೆದರೂ ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗುತ್ತದೆ. ಆದರೆ ಅರ್ಜಿ ಹಾಕಿದವರಿಗೆ ಮಾತ್ರ ಅದು ಸಿಗುತ್ತದೆ. ಪಟ್ಟಿ ಸಲ್ಲಿಕೆಯಾದ ಮೇಲೆ ಹಾಕಿದ ಅರ್ಜಿಗೆ ಫಲವಿಲ್ಲ. ದಿನ ಎಣಿಸುವ ವಕೀಲರು ಇದ್ದರೆ ಅವತ್ತೇ ಬಿಡುಗಡೆ, ಇಲ್ಲದಿದ್ದರೆ ಹಕ್ಕು ಕೈತಪ್ಪುತ್ತದೆ. ಇಷ್ಟೆಲ್ಲದರ ನಂತರವೂ ಒಳಗೇ ಉಳಿದ ವಿಚಾರಣಾಧೀನ ಕೈದಿಗೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479 ಇದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು, ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು, ಹಿಂದೆ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗವನ್ನು ಕಳೆದವರಿಗೆ ಬಿಡುಗಡೆಯ ದಾರಿ ತೆರೆಯುತ್ತದೆ. ಹಲವು ಪ್ರಕರಣಗಳು ಬಾಕಿಯಿದ್ದವರಿಗೆ ಮಾತ್ರ ಅಡ್ಡಿಯುಂಟು.

ಹೊರಬಂದ ಮೇಲೆ ನಿಜವಾದ ಕೆಲಸ

ದೋಷಾರೋಪಣ ಪಟ್ಟಿಯ ಪ್ರತಿ ಆರೋಪಿಗೆ ಉಚಿತವಾಗಿ ಸಿಗಬೇಕು. ದೂರು, ಸಾಕ್ಷಿಗಳ ಹೇಳಿಕೆ, ಮಹಜರು, ಗಾಯದ ಪ್ರಮಾಣಪತ್ರ ಎಲ್ಲವೂ ಅದರಲ್ಲಿರುತ್ತವೆ. ನಮ್ಮ ರಾಜ್ಯದಲ್ಲಿ ಇವುಗಳ ಬಹುಪಾಲು ಕನ್ನಡದಲ್ಲೇ ಇರುತ್ತದೆ. ಆದ್ದರಿಂದ ಆರೋಪಿಯೇ ಕುಳಿತು ಓದಬಹುದು, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ ಕೇಳಬಹುದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಜಗಳವಾದ ಜಾಗದಲ್ಲಿ ಯಾವ ಮರವಿದೆ, ಸಂಜೆ ಏಳಕ್ಕೆ ಅಲ್ಲಿ ಬೆಳಕಿರುತ್ತದೆಯೇ, ಮಹಜರಿಗೆ ಸಹಿ ಹಾಕಿದ ಪಂಚರು ಅವತ್ತು ಊರಲ್ಲಿದ್ದರೇ, ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರು ಮೊದಲು ವೈದ್ಯರಿಗೆ ಏನೆಂದರು, ಇವು ವಕೀಲರಿಗೆ ತಾವಾಗಿ ತಿಳಿಯುವುದಿಲ್ಲ. ‘ಬಿದ್ದು ಪೆಟ್ಟಾಯಿತು’ ಎಂದು ಆಸ್ಪತ್ರೆಯ ದಾಖಲೆಯಲ್ಲಿದ್ದು, ದೂರಿನಲ್ಲಿ ಕುಡುಗೋಲು ಬಂದಿದ್ದರೆ ಪಾಟೀ ಸವಾಲಿಗೆ ಅದಕ್ಕಿಂತ ಗಟ್ಟಿ ನೆಲೆ ಬೇಕಿಲ್ಲ. ಪೊಲೀಸರ ಮುಂದೆ ಸಾಕ್ಷಿ ಕೊಟ್ಟ ಹೇಳಿಕೆ ಪುರಾವೆಯಲ್ಲ, ಆದರೆ ಕಟಕಟೆಯಲ್ಲಿ ಅದಕ್ಕೆ ವಿರುದ್ಧವಾಗಿ ಹೇಳಿದಾಗ ಆ ವಿರೋಧವನ್ನು ತೋರಿಸಲು ಬಳಸಬಹುದು. ಎದುರು ಪಕ್ಷದ ಮೇಲೆ ನೀವೂ ದೂರು ಕೊಟ್ಟಿದ್ದರೆ ಎರಡೂ ಪ್ರಕರಣಗಳನ್ನು ಒಬ್ಬರೇ ನ್ಯಾಯಾಧೀಶರು ವಿಚಾರಿಸಬೇಕೆಂದು ಕೇಳಿ.

ಪಟ್ಟಿ ಓದಿದಾಗ ಆರೋಪಕ್ಕೆ ಆಧಾರವೇ ಕಾಣದಿದ್ದರೆ ಆರೋಪಮುಕ್ತಿಗೆ ಅರ್ಜಿ ಹಾಕಬಹುದು. ಹೊಸ ಸಂಹಿತೆಯಲ್ಲಿ ಅದಕ್ಕೆ 60 ದಿನಗಳ ಗಡುವಿದೆ. ಆನಂತರ ನ್ಯಾಯಾಧೀಶರು ಆರೋಪ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳುತ್ತಾರೆ. ‘ಒಪ್ಪಿಕೊಂಡು ದಂಡ ಕಟ್ಟಿಬಿಡು, ಅಲೆದಾಟ ತಪ್ಪುತ್ತದೆ’ ಎಂಬ ಸಲಹೆ ಕೋರ್ಟಿನ ಆವರಣದಲ್ಲಿ ಧಾರಾಳವಾಗಿ ಸಿಗುತ್ತದೆ. ಹಾಗೆ ಒಪ್ಪಿಕೊಂಡದ್ದು ಅಪರಾಧ ಸಾಬೀತಾದಂತೆಯೇ ದಾಖಲಾಗುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಮುಂದೆ ಸರ್ಕಾರಿ ಕೆಲಸದ ಪರಿಶೀಲನೆಯಲ್ಲಿ, ಪಾಸ್‌ಪೋರ್ಟ್ ಅರ್ಜಿಯಲ್ಲಿ ಆ ಐನೂರು ರೂಪಾಯಿ ದಂಡದ ಬಗ್ಗೆ ಉತ್ತರ ಕೊಡಬೇಕಾಗುತ್ತದೆ. ರಾಜಿಯ ದಾರಿ ಬೇರೆ. 115(2), 352ರಂಥ ಕಲಂಗಳಲ್ಲಿ ದೂರುದಾರರು ಒಪ್ಪಿದರೆ ರಾಜಿ ಮಾಡಿಕೊಳ್ಳಬಹುದು, ಅದರ ಫಲ ಖುಲಾಸೆಗೆ ಸಮ. ರಾಜಿಯಾಗದ ಕಲಂಗಳಿದ್ದರೆ, ಖಾಸಗಿ ಸ್ವರೂಪದ ಜಗಳವಾದಲ್ಲಿ, ಎರಡೂ ಕಡೆಯವರು ಹೈಕೋರ್ಟಿಗೆ ಹೋಗಿ ಪ್ರಕರಣ ರದ್ದು ಕೋರಬಹುದು. ಉತ್ತರ ಕರ್ನಾಟಕದವರಿಗೆ ಅದಕ್ಕಾಗಿ ಧಾರವಾಡ, ಕಲಬುರಗಿ ಪೀಠಗಳಿವೆ.

ವಾಯಿದೆ ತಪ್ಪಿಸುವುದು ಮಾತ್ರ ದೊಡ್ಡ ಅಪಾಯ. ಗೈರಾದರೆ ಜಾಮೀನುರಹಿತ ವಾರಂಟ್ ಹೊರಡುತ್ತದೆ, ಜಾಮೀನುದಾರರಿಗೆ ನೋಟಿಸ್ ಹೋಗುತ್ತದೆ, ಅಷ್ಟು ಕಷ್ಟಪಟ್ಟು ಪಡೆದ ಜಾಮೀನೇ ರದ್ದಾಗಬಹುದು. ಬರಲಾಗದ ದಿನ ವಕೀಲರ ಮೂಲಕ ಹಾಜರಾತಿ ವಿನಾಯಿತಿ ಅರ್ಜಿ ಹಾಕಿಸಬೇಕು. ಪ್ರಕರಣದ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ದಿನಾಂಕವನ್ನು ನೀವೇ ನೋಡಬಹುದು. ಸಾಕ್ಷಿ ವಿಚಾರಣೆಗೆ ನಿಗದಿಯಾದ ದಿನದ ಹಿಂದಿನ ಸಂಜೆಯಾದರೂ ವಕೀಲರ ಜೊತೆ ಅರ್ಧ ಗಂಟೆ ಕೂರಲೇಬೇಕು. ಸಾಕ್ಷಿ ಮುಖ್ಯ ವಿಚಾರಣೆ ಮುಗಿಸಿದಾಗ ‘ಪಾಟೀ ಸವಾಲು ಇಲ್ಲ’ ಎಂದು ದಾಖಲಾದರೆ ಆ ಮಾತುಗಳು ಪ್ರಶ್ನೆಯಿಲ್ಲದೆ ನಿಂತುಬಿಡುತ್ತವೆ. ಆ ಸಾಕ್ಷಿಯನ್ನು ಮತ್ತೆ ಕರೆಸಲು ಅರ್ಜಿ ಹಾಕಿ ನ್ಯಾಯಾಲಯದ ಮನವೊಲಿಸಬೇಕಾಗುತ್ತದೆ.

ಸರ್ಕಾರದ ಕಡೆಯ ಎಲ್ಲ ಸಾಕ್ಷಿಗಳೂ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನಿಸುತ್ತಾರೆ. ಅಲ್ಲಿ ಪ್ರಮಾಣ ಮಾಡಿಸುವುದಿಲ್ಲ, ಉತ್ತರ ಕೊಡದಿದ್ದರೆ ಅದಕ್ಕಾಗಿ ಶಿಕ್ಷೆಯೂ ಇಲ್ಲ. ಹೆಚ್ಚಿನವರು ಎಲ್ಲಕ್ಕೂ ‘ಸುಳ್ಳು’ ಎಂದಷ್ಟೇ ಹೇಳಿ ಇಳಿದುಬಿಡುತ್ತಾರೆ. ಅವತ್ತು ನೀವು ಬೇರೆಡೆ ಇದ್ದಿರಿ, ಅಥವಾ ಮೊದಲು ಹೊಡೆದವರು ಅವರು ಎಂದಾದರೆ ಆ ಮಾತು ದಾಖಲಾಗಲು ಇದು ಅವಕಾಶ. ನಿಮ್ಮ ಕಡೆಯ ಸಾಕ್ಷಿಗಳನ್ನು ಕರೆಸುವುದೂ ಈ ಹಂತದ ನಂತರವೇ.

ತೀರ್ಪು ವಿರುದ್ಧವಾಗಿ ಬಂದರೆ ಅವತ್ತೇ ಎರಡು ಕೆಲಸ ಆಗಬೇಕು. ತೀರ್ಪಿನ ಪ್ರತಿ ಆರೋಪಿಗೆ ಉಚಿತವಾಗಿ ಸಿಗುತ್ತದೆ, ಅದನ್ನು ಕೇಳಿ ಪಡೆಯಬೇಕು. ಜೊತೆಗೆ, ಜಾಮೀನಿನ ಮೇಲಿದ್ದವರಿಗೆ 3 ವರ್ಷ ಮೀರದ ಶಿಕ್ಷೆಯಾಗಿದ್ದರೆ, ಮೇಲ್ಮನವಿ ಸಲ್ಲಿಸುವವರೆಗೆ ಶಿಕ್ಷೆ ಕೊಟ್ಟ ನ್ಯಾಯಾಲಯವೇ ಜಾಮೀನು ಮುಂದುವರಿಸಬಹುದು, ಅದಕ್ಕೆ ವಕೀಲರು ಸ್ಥಳದಲ್ಲೇ ಅರ್ಜಿ ಕೊಡಬೇಕು. ಮ್ಯಾಜಿಸ್ಟ್ರೇಟರ ತೀರ್ಪಿನ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಲು 30 ದಿನಗಳ ಅವಧಿಯಿದೆ. ಆ ಮೇಲ್ಮನವಿಗೂ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.